ಸಮುದ್ರಕುದುರೆಯ ಪಂಕ್ತಿ

ಸಿಡ್ನಿಯಿಂದ ಗ್ಲೆನ್ ವೇವರ್ಲಿಯ ತಮ್ಮನ ಮನೆಗೆ ಬಂದ ಭಾವ ಮೋಹನದಾಸರು ಬೀದಿ ತುದಿಯ ಅಂಗಡಿಯಿಂದ ಎರಡು ಚುರುಕು ಮೀನು ತಂದಿದ್ದರು. "ನಿನ್ನ ಸಮುದ್ರಕುದುರೆಗೆ ಜೊತೆ," ಎನ್ನುತ್ತಾ ಅಕ್ವೇರಿಯಂ ಕಡೆ ನಡೆದರು.

ವಿಜೇತಾ ಅಡ್ಡ ನಿಂತಳು. "ಬೇಡ ಭಾವ. ಅದು ತಿನ್ನುವುದು ನಿಧಾನ. ಇವು ಎಲ್ಲ ಕಬಳಿಸಿದರೆ ಅದು ಹಸಿದು ಸಾಯ್ತದೆ."

"ಬೇಗ ತಿನ್ನಲು ಕಲಿಯಲಿ ಮಾರಾಯ್ತಿ!" ಭಾವ ಮೀನಿನ ಚೀಲವನ್ನು ಅಕ್ವೇರಿಯಂ ಪಕ್ಕದಲ್ಲೇ ಇಟ್ಟರು.

ಮಧ್ಯಾಹ್ನ ಭಾವ ಗಬಗಬನೆ ಉಂಡು ಎದ್ದರು. ಹಿರಿಯರು ಎದ್ದರೆ ಪಂಕ್ತಿಯೇ ಏಳಬೇಕು. ಮದುವೆಯಾದಂದಿನಿಂದ ವಿಜೇತಾ ಹಾಗೆ ಅರೆಹೊಟ್ಟೆಯಲ್ಲೇ ಎದ್ದವಳು. ಗಂಡ ಸುಕೇಶ್ ಎದ್ದು, ನೀನೂ ಏಳು ಎಂದು ಕಣ್ಸನ್ನೆ ಮಾಡಿದ.

ಅವಳು ಅನ್ನದ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡಳು.

"ನೀವು ಕೈ ತೊಳೀರಿ ಭಾವ. ನಾನಿನ್ನೂ ಸಾರಲ್ಲೇ ಇದ್ದೇನೆ. ನನ್ನ ಊಟ ಮುಗಿಯುವಷ್ಟರಲ್ಲಿ ಆ ಮೀನುಗಳನ್ನು ಅಂಗಡಿಗೆ ವಾಪಸ್ ಕೊಟ್ಟು ಬನ್ನಿ."