ಬೆಳ್ಳವ್ವನ ಮಜ್ಜಿಗೆ

ದುಂಡಸಿಯ ಮಂಜುಳಾಳ ಎಮ್ಮೆ ಕಾಡಿಗೆಗಿಂತ ಕಪ್ಪು. ಹೆಸರು ಮಾತ್ರ ಬೆಳ್ಳವ್ವ. ಮದುವೆಯಾದ ವರ್ಷ ತವರಿನಿಂದ ಅವಳ ಹಿಂದೆಯೇ ನಡೆದು ಬಂದಿತ್ತು. ಗಂಡನ ಮನೆಗೆ ಅಂಗೈಯಗಲ ಹೊಲವಿಲ್ಲ. ಆದರೂ ಬೆಳ್ಳವ್ವ ರಾಣಿಯಂತೆ ಮೇಯುತ್ತಿದ್ದಳು. ಅತ್ತೆ ಕರೆವ್ವ ಬೆಳಗಾದರೆ ಮಜ್ಜಿಗೆ ಕಡೆಯುತ್ತಿದ್ದಳು, ಓಣಿಯವರು ತಂಬಿಗೆ ಹಿಡಿದು ಬರುತ್ತಿದ್ದರು. ಮಜ್ಜಿಗೆಗೆ ಮನೆಯವರು ಏನನ್ನೂ ಕೇಳುತ್ತಿರಲಿಲ್ಲ. ಓಣಿಯವರ ಹೊಲದ ಬದುವಿನಲ್ಲಿ ಮಂಜುಳಾ ಹುಲ್ಲು ಕೊಯ್ದರೆ ಅವರೂ ಯಾಕೆನ್ನುತ್ತಿರಲಿಲ್ಲ. ಎರಡನ್ನೂ ಕೂಡಿಸಿ ಯಾರೂ ಆಡಿದ್ದಿಲ್ಲ.

ಊರಿಗೆ ಡೇರಿ ಬಂತು. ಮಂಜುಳಾ ಹಾಲನ್ನೆಲ್ಲ ಅಲ್ಲಿಗೇ ಸುರಿದಳು. "ಅತ್ತಿ, ಇನ್ನ ನಿಮ್ಮ ರಟ್ಟಿಗೆ ಆರಾಮ ಆತು ನೋಡ್ರಿ," ಎಂದು ಕಡಗೋಲನ್ನು ಗೂಟಕ್ಕೆ ತೂಗುಹಾಕಿದಳು. ತಂಬಿಗೆಗಳು ಬಂದವು, ಬರಿದಾಗಿ ತಿರುಗಿದವು, ಆಮೇಲೆ ಬರುವುದನ್ನೇ ಬಿಟ್ಟವು.

ಹುಲ್ಲೂ ನಿಂತಿತು. ಯಾರೂ ಬೇಡವೆನ್ನಲಿಲ್ಲ. "ನಮ್ಮ ದನಕ್ಕ ಸಾಲವಲ್ದು ತಂಗಿ," ಅಷ್ಟೇ. ಜೋಳದ ಒಣ ಕಣಿಕೆ ಹಾಕಿದರೆ ಬೆಳ್ಳವ್ವ ಮೂಸಿ ಮೋರೆ ತಿರುಗಿಸಿದಳು. ಹಾಲು ಕುಗ್ಗಿತು.

"ಮೇವೂ ಇಲ್ಲ, ಹಾಲೂ ಇಲ್ಲ. ಬರೂ ಸಂತಿಗೆ ಹೊಡಕೊಂಡು ಹೋಗ್ತೇನಿ," ಎಂದ ಗಂಡ ಮಾಲತೇಶ. ಮಂಜುಳಾ ಎಮ್ಮೆಯ ಕೊರಳಿಗೆ ಕೆನ್ನೆ ಆನಿಸಿದಳು, ಆಮೇಲೆ ಒಳಗೆ ಹೋಗಿ ಗೂಟದ ಮೇಲಿನ ಕಡಗೋಲನ್ನು ಕೆಳಗಿಳಿಸಿದಳು.

ಅವತ್ತು ಬಿಸಿಲಿರುವಾಗಲೇ ಹಿಂಡಿದ ಹಾಲನ್ನು ಡೇರಿಗೆ ಒಯ್ಯದೆ ಒಲೆಗಿಟ್ಟಳು. ಹಾಲು ಕಾಯಿತು, ಆರಿತು. ಹೆಪ್ಪು ಹಾಕಲು ಮನೆಯಲ್ಲಿ ಒಂದು ಹನಿ ಮೊಸರಿಲ್ಲ!

"ಎದುರಮನಿ ಫಕ್ಕೀರವ್ವನ್ನ ಕೇಳು," ಎಂದಳು ಕರೆವ್ವ. "ದೀಪಾ ಹಚ್ಚೂದ್ರಾಗ ಹೋಗು. ಆಮ್ಯಾಲೆ ಯಾರೂ ಹೆಪ್ಪ ಕೊಡಂಗಿಲ್ಲ."

"ಯಾವ ಮಾರಿ ಇಟ್ಕೊಂಡು ಹೋಗ್ಲಿ ಅತ್ತಿ?"

"ಇರೂದ ಒಂದ ಮಾರಿ. ಅದನ್ನ ತಗೊಂಡು ಹೋಗು."

ಫಕ್ಕೀರವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. "ಏನವಾ ಡೇರಿ ಸಾವಕಾರ್ತಿ, ಹಾದಿ ತಪ್ಪಿತೇನ?"

"ಚೂರು ಹೆಪ್ಪ ಬೇಕಾಗಿತ್ರಿ, ಚಿಗವ್ವಾ."

"ಯಾಕ, ಡೇರಿಯವ್ರು ಕೊಡಂಗಿಲ್ಲೇನ?"

"ಇಲ್ರಿ. ಅವರು ಬರೇ ಒಯ್ತಾರ."

ಫಕ್ಕೀರವ್ವ ಬೆಳ್ಳುಳ್ಳಿ ಚೆಲ್ಲುವಷ್ಟು ನಕ್ಕಳು. ಎದ್ದು ಹೋಗಿ ಬಟ್ಟಲ ತುಂಬ ಮೊಸರು ತಂದಳು. "ಕಡಿಯಾಕ ಮಾತ್ರ ನೀ ಕುಂದರಬ್ಯಾಡ, ಬೆಣ್ಣಿ ಕೆಡಸ್ತಿ. ಮುಂಜಾನೆ ನಾನ ಬರ್ತೇನಿ."

ಬಂದಳು, ಹಿಂದೆ ತಂಬಿಗೆ ಹಿಡಿದ ಓಣಿಯ ಇನ್ನಿಬ್ಬರು. ಫಕ್ಕೀರವ್ವ ಮಂಜುಳಾಳ ಕೈಯಿಂದ ಕಡಗೋಲಿನ ಹಗ್ಗ ಕಸಿದುಕೊಂಡು ಕಡೆಯುತ್ತ ಕೊಟ್ಟಿಗೆಯತ್ತ ಕಣ್ಣು ಹಾಯಿಸಿ ಸಿಡುಕಿದಳು: "ಅಯ್ಯ ನಮ್ಮವ್ವ, ಎಮ್ಮಿ ಎಲಬು ಎಣಸೂ ಹಂಗ ಆಗ್ಯಾವಲ್ಲ! ನಮ್ಮ ಬದುವಿನಾಗ ಹುಲ್ಲು ಮೊಣಕಾಲಮಟ ನಿಂತೈತಿ. ಕುಡಗೋಲೂ ನಾನ ಕೊಡಬೇಕೇನ?"

"ನಿಮ್ಮ ದನಕ್ಕ ಸಾಲೂದಿಲ್ಲ ಅಂದಿದ್ರಿ…"

"ಅಂದಿದ್ದೆ. ಈಗ ಸಾಲತೈತಿ."

ಮಂಜುಳಾ ಸೆರಗು ಕಟ್ಟಿ ಅಂಗಳಕ್ಕಿಳಿದಾಗಿತ್ತು. ಕರೆವ್ವ ಒಳಗೆ ತಿರುಗಿ ಕೂಗಿದಳು: "ಲೇ ಮಾಲತೇಶಾ, ಸಂತಿಗೆ ಆಮ್ಯಾಲೆ ಹೋಗೀಯಂತ. ಹೆಂಡ್ತಿ ಸಂಗಾಟ ನಡಿ, ಹುಲ್ಲಿನ ಹೊರಿ ಹೊರಾಕ!"