ಗೋಡೆಯ ಮೇಲಿನ ಮೆಕ್ಕೆಜೋಳ

ಅಯೋವಾದ ಆ ಪುಟ್ಟ ಊರಿನ ಗ್ರಂಥಾಲಯದಲ್ಲಿ, ಮಕ್ಕಳ ಕೋಣೆಯ ಗೋಡೆ ತುಂಬ ಆರ್ಡಿತ್ ಬರೆದ ಚಿತ್ರವಿತ್ತು. ಕೆಂಪು ಕೊಟ್ಟಿಗೆ, ಕಣ್ಣಿಗೆ ಹೊಡೆಯುವ ಹಸಿರು ಹೊಲ, ನಗುವ ಹಸುಗಳು. ಹಸು ಎಲ್ಲಾದರೂ ನಗುತ್ತದೆಯೇ? ಮಕ್ಕಳ ಕೋಣೆ ಅಂದಮೇಲೆ ನಗಲೇಬೇಕು. ನಟ್ಟನಡುವೆ ಮೆಕ್ಕೆಜೋಳ ತುಂಬಿದ ಗಾಡಿ, ರಾಶಿಯ ಮೇಲೆ ಎರಡೂ ಕೈ ಎತ್ತಿ ನಿಂತ ಹುಡುಗ. ಅವನು ಆರ್ಡಿತ್‌ಳ ಮೊಮ್ಮಗ ಟ್ರೆಂಟ್.

ಹೋದ ಸುಗ್ಗಿಯಲ್ಲಿ ಅಂಥದೇ ಗಾಡಿಯ ಮೇಲೆ ಆಡುತ್ತಿದ್ದ ಟ್ರೆಂಟ್‌ನನ್ನು ಜೋಳ ಒಳಗೆಳೆದುಕೊಂಡಿತು. ಮೇಲೆ ಹುಡುಗನಿದ್ದಾನೆಂದು ತಿಳಿಯದೆ ಗಾಡಿಯ ಕೆಳಗಿನ ಬಾಗಿಲು ತೆಗೆದು ಕಾಳು ಸುರಿಸುತ್ತಿದ್ದರು. ಆಮೇಲೆ ಊರಿಗೆ ಊರೇ ಸಾವಿನ ಮನೆಗೆ ಮುಚ್ಚಿದ ಪಾತ್ರೆಗಳಲ್ಲಿ ಊಟ ಹೊತ್ತು ಬಂತು. ಗೋಡೆಯ ವಿಷಯ ಮಾತ್ರ ಒಬ್ಬರೂ ಎತ್ತಲಿಲ್ಲ. ಅಷ್ಟು ಸಭ್ಯರು. ಬೆಂಕಿ ಬೀಳಲಿ ಅವರ ಸಭ್ಯತೆಗೆ!

ಕೊನೆಗೆ ಟ್ರೆಂಟ್ ಮತ್ತು ಪುಟ್ಟ ರೂಬಿಯ ತಾಯಿ, ಆರ್ಡಿತ್‌ಳ ಮಗಳು ಮಾರ್ಲಾಳೇ ಬಾಯಿಬಿಟ್ಟಳು.

"ಅಮ್ಮಾ, ಅವನನ್ನ ಅಳಿಸಿಬಿಡು. ಕತೆ ಕೇಳೋಕೆ ಅಂತ ರೂಬಿನ ಅಲ್ಲಿಗೆ ಕರ್ಕೊಂಡು ಹೋದಾಗೆಲ್ಲ ಗೋಡೆಗೆ ಟಾಟಾ ಮಾಡ್ತಾಳೆ. ಅಣ್ಣ ಯಾಕೆ ಕೆಳಗಿಳಿಯಲ್ಲ ಅಂತಾಳೆ. ನಾನೇನು ಹೇಳ್ಲಿ?"

"ಅವನು ಅಷ್ಟು ಖುಷಿಯಾಗಿ ನಿಂತಿರೋದು ಅಲ್ಲೊಂದೇ ಕಡೆ ಕಣೇ."

"ನಂಗೆ ಗೊತ್ತಿಲ್ವಾ? ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಪೇಂಟರನ್ನ ಕರೆಸ್ತೀನಿ."

ಯಾರೋ ಬಂದು ಮೊಮ್ಮಗನ ಮುಖಕ್ಕೆ ಬಣ್ಣ ಬಳಿಯುವುದೆಂದರೆ ಆರ್ಡಿತ್‌ಗೆ ಮೈಯೆಲ್ಲ ಉರಿಯಿತು. "ಬೇಡ, ನಾನೇ ಮಾಡ್ತೀನಿ" ಎಂದಳು.

ಗ್ರಂಥಾಲಯಕ್ಕೆ ರಜೆಯಿದ್ದ ಭಾನುವಾರ ತಾಯಿ ಮಗಳಿಬ್ಬರೇ ಬಂದರು. ಮಾರ್ಲಾ ಗೋಡೆಗೆ ಬೆನ್ನು ಹಾಕಿ ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಕೂತಳು. ಹುಡುಗನ ಜಾಗದಲ್ಲಿ ಏನು ಬರೆಯುವುದು? ಜೋಳದ ರಾಶಿಯನ್ನೇ ಒಂದಿಷ್ಟು ಎತ್ತರಿಸಿದರಾಯಿತು ಎಂದುಕೊಂಡಳು ಆರ್ಡಿತ್. ಹಳದಿ ಕಲಸಿ ಕೆಳಗಿನಿಂದ ಶುರು ಮಾಡಿದಳು. ಬೂಟು ಮುಚ್ಚಿತು, ಮೊಣಕಾಲು ಮುಚ್ಚಿತು. ಪಳಗಿದ ಕೈ ತನ್ನ ಪಾಡಿಗೆ ಕಾಳು ಬರೆಯುತ್ತಾ ಹೋಯಿತು. ಸೊಂಟ. ಎದೆ.

ಕತ್ತಿನವರೆಗೂ ಜೋಳದಲ್ಲಿ ಹೂತು, ಎರಡೂ ಕೈ ಮೇಲೆತ್ತಿ, ಟ್ರೆಂಟ್ ಅವಳನ್ನೇ ನೋಡಿ ನಗುತ್ತಿದ್ದ.

ಕುಂಚ ಕೈಜಾರಿ ಬಿತ್ತು. ಸದ್ದಿಗೆ ಮಾರ್ಲಾ ತಿರುಗಿದಳು. ಆ ದಿನ ಅವಳು ಓಡಿಬರುವಷ್ಟರಲ್ಲಿ ಮಗುವನ್ನು ಹೊರತೆಗೆದು ಬಟ್ಟೆ ಹೊದಿಸಿಬಿಟ್ಟಿದ್ದರು. ಅಂದು ಅವಳು ನೋಡದೆ ಉಳಿದದ್ದು ಈಗ ಕಣ್ಣೆದುರಿಗಿತ್ತು.

ಮಾರ್ಲಾ ಬೈಯಲಿಲ್ಲ, ಅಳಲೂ ಇಲ್ಲ. ಗೋಡೆಯ ಹತ್ತಿರ ಧಾವಿಸಿ ಬರಿಗೈಯಲ್ಲಿ ಹಸಿ ಬಣ್ಣ ಬಾಚತೊಡಗಿದಳು.

"ನಿಂತ್ಕೊಂಡು ಏನಮ್ಮಾ ನೋಡ್ತಿದೀಯ? ಬಾ, ತೆಗಿ! ಒಣಗೋದ್ರೊಳಗೆ ತೆಗಿ!"

ಇಬ್ಬರೂ ಸೇರಿ ಜೋಳದಿಂದ ಎದೆ ಬಿಡಿಸಿದರು, ಸೊಂಟ ಬಿಡಿಸಿದರು. ಮೊಣಕಾಲಿನ ಕೆಳಗೆ ಬಣ್ಣ ಆಗಲೇ ಒಣಗಿಹೋಗಿತ್ತು. ಮಾರ್ಲಾ ಉಗುರಿನಿಂದ ಕೆರೆಯುತ್ತಲೇ ಇದ್ದಳು.