ಫ್ರಿಜ್ಜಿನೊಳಗೆ ಕಪ್ಪೆ

ಗಂಡನ ಕ್ಷೌರದಂಗಡಿಗೆ ರಜೆ ಬಂತೆಂದರೆ ಹೆಂಡತಿಗೆ ತಲೆನೋವು ಶುರು. ಅವನು ಬೆಳಗಾಗುತ್ತಲೇ ಮೊಬೈಲು ಹಿಡಿದು ಕೆರೆದಂಡೆಗೆ ಓಡುತ್ತಿದ್ದ. ಕಲ್ಲು ಮಗುಚಿ, ಹಾವುರಾಣಿ, ಹಲ್ಲಿ, ಕಪ್ಪೆಗಳ ಫೋಟೋ ತೆಗೆಯುವ ಹುಚ್ಚು. ಕೆಸರಾದ ಪ್ಯಾಂಟು ಒಗೆಯುವ ಕರ್ಮ ಅವಳ ಪಾಲಿಗೆ. ಅದನ್ನೂ ಹೇಗೋ ಸಹಿಸಿಕೊಂಡಿದ್ದಳು.

ಅವತ್ತು ಹಾಲಿಗೆಂದು ಫ್ರಿಜ್ಜು ತೆಗೆದವಳು ಕಿಟಾರನೆ ಕಿರುಚಿದಳು. ಮಗಳ ಊಟದ ಡಬ್ಬಿಯಲ್ಲಿ ಪುಟ್ಟ ಹಸಿರು ಕಪ್ಪೆ!

"ಏನ್ರೀ ಇದು? ಇದೇನು ಮನೇನಾ, ಮೃಗಾಲಯಾನಾ?"

"ಕೂಗ್ಬೇಡ್ವೇ! ಒಂದು ಕಡೆ ನಿಲ್ಲಲ್ಲ ಅದು. ತಣ್ಣಗಾದ್ರೆ ಕದಲದೆ ಕೂರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ನಮ್ಮ ಫೋಟೋ ಗ್ರೂಪಲ್ಲಿ ಯಾರೋ ಹೇಳಿದ್ರು."

ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಪಕ್ಕದ ಬೀದಿಯಲ್ಲಿದ್ದ ಗಂಡನ ಅಕ್ಕನನ್ನೇ ಕರೆಸಿದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಆಕೆಯನ್ನು ಎಲ್ಲರೂ ಟೀಚರಕ್ಕ ಎನ್ನುತ್ತಿದ್ದರು.

ಟೀಚರಕ್ಕ ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು. "ಲೋ, ಅದು ಸುಮ್ಮನೆ ಕೂತಿಲ್ಲ ಕಣೋ, ಮರಗಟ್ಟಿದೆ. ಬರಿಗೈಯಲ್ಲಿ ಹಿಡಿದ್ಯಾ?"

"ಕೈ ಶುದ್ಧವಾಗೇ ಇತ್ತಕ್ಕ. ಅಂಗಡಿ ಲೋಷನ್ ಹಚ್ಕೊಂಡಿದ್ದೆ."

"ಗಡ್ಡ ಬೋಳಿಸಿದ ಮೇಲೆ ಉರಿಯುತ್ತಲ್ಲ, ಆ ಲೋಷನ್ನಾ? ಕಪ್ಪೆ ಚರ್ಮದಿಂದಲೇ ನೀರು ಹೀರುತ್ತೆ, ಉಸಿರೂ ಆಡುತ್ತೆ. ನಿನ್ನ ಕೈಯಲ್ಲಿದ್ದದ್ದೆಲ್ಲ ಅದರ ಮೈಯೊಳಗೆ ಹೋಯ್ತು! ಮಗುಚಿದ ಕಲ್ಲನ್ನಾದ್ರೂ ಇದ್ದ ಹಾಗೇ ಇಟ್ಟು ಬಂದ್ಯಾ?"

"ಇಲ್ಲಕ್ಕ, ಹಾಗೇ ಬಿಟ್ಟು ಬಂದೆ."

"ತೇವ ಆರಿದ್ರೆ ಅಡಿಯಲ್ಲಿರೋ ಜೀವಗಳ ಮನೆ ಹಾಳು. ಅಲ್ಲಿ ಹಾವಿದ್ದಿದ್ರೆ? ಮತ್ತೆ ಕತ್ತರಿ ಹಿಡೀತಿತ್ತಾ ಆ ಕೈ?"

ಮೂವರೂ ಕೆರೆಗೆ ಧಾವಿಸಿದರು. ಕಪ್ಪೆಯನ್ನು ಒದ್ದೆ ಹುಲ್ಲಿನ ಮೇಲೆ ಮೆಲ್ಲಗೆ ಜಾರಿಸಿ ಕಾದರು. ಬಿಸಿಲೇರಿತು. ಅದು ಅಲುಗಲೇ ಇಲ್ಲ. ಫೋಟೋಗೆ ಬೇಕಾದ ಹಾಗೆಯೇ ಕದಲದೆ ಕೂತಿತ್ತು. ಅವನು ಮೊಬೈಲು ತೆಗೆಯಲಿಲ್ಲ.

"ನಾನೇ ಕೊಂದೆ ಅಲ್ವಾ?" ಎಂದ.

ಬೈಯಬೇಕೆಂದು ಬಂದಿದ್ದ ಹೆಂಡತಿ ಬೈಯದೆ ಕೋಲೊಂದನ್ನು ಹುಡುಕಿ ತಂದಳು. ಮಗುಚಿದ್ದ ಕಲ್ಲುಗಳ ಅಡಿಯನ್ನು ಕೋಲಿನಿಂದ ನೋಡಿಕೊಂಡು ಗಂಡ ಹೆಂಡತಿ ಇಬ್ಬರೂ ಸೇರಿ ಮೊದಲಿದ್ದಂತೆ ಇಟ್ಟರು. ಇನ್ನು ಯಾವ ಜೀವಿಯನ್ನೂ ಮುಟ್ಟುವುದಿಲ್ಲ ಎಂದು ಅವನು ತಾನಾಗಿಯೇ ಹೇಳಿದ.

ಬಂಧುಗಳೇ, ಇಂಥ ಜೀವಿಗಳ ಫೋಟೋ ಧಾರಾಳವಾಗಿ ತೆಗೆಯಿರಿ, ಆದರೆ ದೂರದಿಂದ. ಹಿಡಿಯಬೇಡಿ, ಡಬ್ಬಿಗೆ ತುಂಬಬೇಡಿ, ಕಲ್ಲಡಿಗೆ ಕೈ ತೂರಿಸಬೇಡಿ. ಫೋಟೋ ತೆಗೆಯುವಷ್ಟರಲ್ಲಿ ಕಪ್ಪೆ ನೆಗೆದುಹೋಯಿತೇ? ಹೋಗಲಿ ಬಿಡಿ. ನೆಗೆಯಲು ಅದಕ್ಕೆ ಜೀವವಿದೆಯಲ್ಲ!